ಮನೆ ನೋಡುವವನು

ಮನೆ ನೋಡುವವನೇ ಮನೆ ಕೊಳ್ಳುವವನು ಎಂದು ದಲ್ಲಾಳಿಗಳು ನಂಬುವುದು ಮೊದಲ ವರ್ಷ ಮಾತ್ರ. ಎರಡನೆಯ ವರ್ಷದಿಂದ ಅವನಿಗೆ ಚಹಾ ಹೇಳುವುದನ್ನು ಬಿಡುತ್ತಾರೆ. ಈ ಜಾತಿಯವನು ಎಲ್ಲ ಜಿಲ್ಲೆಗಳಲ್ಲೂ ಇದ್ದಾನೆ; ಶುದ್ಧ ತಳಿ ಬೇಕೆಂದರೆ ಕೊಪ್ಪಳ ಜಿಲ್ಲೆಯ ಕುಕನೂರು ಸೀಮೆಗೆ, ಮಂಗಳೂರಿನಂಥ ಊರಿಗೆ ಬರಬೇಕು. ವಯಸ್ಸು ಐವತ್ತರ ಆಚೀಚೆ. ಮಾಸ್ತರಿಕೆಯೋ ಸೊಸೈಟಿ ನೌಕರಿಯೋ ಒಂದಿಷ್ಟು ಎರಿಹೊಲವೋ ಇರುತ್ತದೆ. ಅಪ್ಪ ಕಟ್ಟಿಸಿದ ಮ್ಯಾಳಿಗಿ ಮನೆ ಇನ್ನೂ ಗಟ್ಟಿಯಾಗಿದೆ. 'ಹುಡುಗರ ಓದಿಗೆ ಕೊಪ್ಪಳದಾಗ ಒಂದು ಮನಿ ಮಾಡಬೇಕು' ಎಂದು ಶುರುವಾದ ಹುಡುಕಾಟ, ಹುಡುಗರು ಓದು ಮುಗಿಸಿ ಬೆಂಗಳೂರು ಸೇರಿದ ಮೇಲೂ ನಿಂತಿಲ್ಲ.

ಊರಿನ ಹೆಸರೇ ಅವನಿಗೆ ಮೊದಲ ತೊಡಕು. ಫೋನಿನಲ್ಲಿ 'ಮಂಗಳೂರಿಂದ ಮಾತಾಡಾಕತ್ತೀನ್ರಿ' ಅನ್ನುತ್ತಲೇ ಹೊಸ ದಲ್ಲಾಳಿಯ ಕಣ್ಣ ಮುಂದೆ ಸಮುದ್ರ, ಬ್ಯಾಂಕು, ದುಬೈ ದುಡ್ಡು ಸುಳಿದು ಹೋಗುತ್ತವೆ, ದರ ಏರುತ್ತದೆ. 'ಅದಲ್ಲರಿ, ನಮ್ಮ ಮಂಗಳೂರು, ಕುಕನೂರು ಬಾಜೂಕ' ಎಂದ ಮೇಲೆ ದರ ಇಳಿಯುತ್ತದೆ. ಜೊತೆಗೆ ಮರ್ಯಾದೆಯೂ ಸ್ವಲ್ಪ ಇಳಿಯುತ್ತದೆ.

ಅವನ ವಾರ ಭಾನುವಾರ. ಅಂದು ಸಬ್ ರಿಜಿಸ್ಟ್ರಾರ್ ಕಚೇರಿ ಮುಚ್ಚಿರುತ್ತಿದ್ದುದರಿಂದ ಅಪ್ಪಿತಪ್ಪಿಯೂ ಖರೀದಿ ಆಗಿಬಿಡುವ ಭಯವಿರಲಿಲ್ಲ. 2024ರಲ್ಲಿ ಸರ್ಕಾರ ಜಿಲ್ಲೆಗೊಂದು ಕಚೇರಿಯನ್ನು ಸರದಿಯ ಮೇಲೆ ರಜಾ ದಿನಗಳಲ್ಲೂ ತೆರೆಯುವುದಾಗಿ ಪ್ರಕಟಿಸಿದಾಗ ಅವನಿಗಾದ ಗಾಬರಿ ಅಷ್ಟಿಷ್ಟಲ್ಲ.

ನೋಡುವುದಕ್ಕೂ ಒಂದು ಕ್ರಮವಿದೆ. ಮೊದಲು ಕೊಪ್ಪಳದ ಕೋಟೆಯ ಬುಡದ ಹಳೆ ಓಣಿಗಳು. ಅಲ್ಲಿ ಮನೆ ಚೆಂದ, ಆದರೆ ಕಾರು ಒಳಗೆ ಬರುವುದಿಲ್ಲ. ಅವನ ಹತ್ತಿರ ಕಾರಿಲ್ಲ ಎಂಬುದು ಬೇರೆ ಮಾತು. ಮುಂದೆ ಗವಿಮಠದ ಸುತ್ತ: ಪುಣ್ಯದ ಜಾಗ, ಆದರೆ ಜನವರಿಯ ಜಾತ್ರೆಗೆ ಬರುವ ಲಕ್ಷಗಟ್ಟಲೆ ಜನರಲ್ಲಿ ನೆಂಟರ ಪಾಲೆಷ್ಟು ಎಂದು ಲೆಕ್ಕ ಹಾಕಿ ಹಿಂದೆ ಸರಿಯುತ್ತಾನೆ. ಭಾಗ್ಯನಗರದಲ್ಲಿ ನೇಕಾರಿಕೆಯ ಜೊತೆಗೆ ಕೂದಲಿನ ವ್ಯಾಪಾರವೂ ಜೋರು. ಅಲ್ಲಿ ಮನೆ ನೋಡಿ ಬಂದ ದಿನ ಊಟದಲ್ಲಿ ಒಂದೆಳೆ ಸಿಕ್ಕರೂ ಆ ಬಡಾವಣೆ ಪಟ್ಟಿಯಿಂದ ಹೊರಗೆ. ಹೊಸಪೇಟೆ ರಸ್ತೆಯ ಕಡೆ ಹೋದರೆ ಮನೆಗಿಂತ ಮೊದಲು ಮಾಳಿಗೆ ಹತ್ತಿ ಬಿಳಿ ಕರ್ಚೀಫಿನಿಂದ ನೆಲ ಒರೆಸುತ್ತಾನೆ. ಕಾರ್ಖಾನೆಗಳ ಕರಿಬೂದಿಯ ಮಾತು ದೊಡ್ಡದಾಗಿ 2025ರ ಫೆಬ್ರುವರಿಯಲ್ಲಿ ಕೊಪ್ಪಳ ಬಂದ್ ಆಯಿತಲ್ಲ, ಅದಕ್ಕೂ ಎಷ್ಟೋ ವರ್ಷ ಮೊದಲೇ ಆ ಕರ್ಚೀಫು ತನ್ನ ವರದಿ ಕೊಟ್ಟಾಗಿತ್ತು.

ಗಂಗಾವತಿಗೆ ವರ್ಷಕ್ಕೆರಡು ಸಲ ಮಾತ್ರ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ನಾಡು ಅದು. ಹಿರೇಜಂತಕಲ್ಲಿನಲ್ಲಿ ಮನೆಯ ದರ ಕೇಳಿದರೆ ಅವನು ಮನಸ್ಸಿನಲ್ಲೇ ಅದನ್ನು ಜೋಳದ ಚೀಲಕ್ಕೆ ತಿರುಗಿಸಿ, ಚೀಲ ಎಣಿಸಲಾರದೆ ಸುಮ್ಮನಾಗುತ್ತಾನೆ. ಕುಷ್ಟಗಿಗೆ 2025ರಲ್ಲಿ ರೈಲು ಬಂದಾಗ ಎಲ್ಲರೂ ರೈಲು ನೋಡಲು ಹೋದರು, ಅವನು ನಿಲ್ದಾಣದ ಸುತ್ತಲಿನ ಪ್ಲಾಟು ನೋಡಲು ಹೋದ. ಯಲಬುರ್ಗಾ ತೀರ ಹತ್ತಿರ. ಹತ್ತಿರದ ಊರಿನಲ್ಲಿ ಮನೆ ನೋಡಿದರೆ ನೋಡಿದಂತಾಗುವುದಿಲ್ಲ.

ಮನೆಯೊಳಗೆ ಕಾಲಿಟ್ಟ ಮೇಲೆ ಅವನ ಪಾಂಡಿತ್ಯ ಬಿಚ್ಚಿಕೊಳ್ಳುತ್ತದೆ. 'ಬಾಗಲಾ ಯಾವ ದಿಕ್ಕಿಗೈತಿ? ನಳ ಎಷ್ಟು ದಿನಕ್ಕೊಮ್ಮೆ ಬರ್ತೈತಿ?' ಬೋರಿನ ನೀರನ್ನು ಅಂಗೈಯಲ್ಲಿ ಹಿಡಿದು ನಾಲಿಗೆಗೆ ಹಚ್ಚಿ 'ಸವಳು' ಅನ್ನುತ್ತಾನೆ. ಫ್ಲೋರೈಡ್ ನಾಲಿಗೆಗೆ ತಿಳಿಯುವುದಿಲ್ಲ. ಅದಕ್ಕೆ ಮನೆಯವರ ಹಲ್ಲು ನೋಡುತ್ತಾನೆ. ಗೋಡೆಗೆ ಬೆರಳ ಗಂಟಿನಿಂದ ಬಡಿದು ಕಿವಿಗೊಡುತ್ತಾನೆ. ಊರಿನ ಮಣ್ಣಿನ ಗೋಡೆ ಒಂದೂವರೆ ಮೊಳ ದಪ್ಪ; ಅದರ ಮುಂದೆ ಯಾವ ಇಟ್ಟಿಗೆಯೂ ಪಾಸಾಗಿಲ್ಲ.

ಕಾಗದಪತ್ರದಲ್ಲಿ ವಕೀಲರೂ ಅವನಿಗೆ ಅಂಜಬೇಕು. ಜಮೀನು ಎನ್.ಎ. (ಕೃಷಿಯೇತರ) ಆಗಿದೆಯೇ, ಪಂಚಾಯ್ತಿ ವ್ಯಾಪ್ತಿಯದಾದರೆ ನಮೂನೆ 9 ಮತ್ತು 11 ಎಲ್ಲಿ, ನಗರಸಭೆಯದಾದರೆ ನಮೂನೆ 3 ಎಲ್ಲಿ, ಋಣಭಾರ ಪತ್ರ ಎಷ್ಟು ವರ್ಷದ್ದು, ಎಲ್ಲ ಬಾಯಿಪಾಠ. ದಲ್ಲಾಳಿಯೊಬ್ಬ 'ಒಂದು ಗುಂಟೆ ಅಂದ್ರ ಥರ್ಟಿ ಫಾರ್ಟೀನ ಅನ್ರಿ' ಎಂದು ಬಿಟ್ಟರೆ ಮುಗಿಯಿತು. ಗುಂಟೆಗೆ 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1,089 ಚದರಡಿ. ಥರ್ಟಿ ಫಾರ್ಟಿ ಎಂದರೆ 1,200. 'ಉಳದ 111 ಅಡಿ ಯಾರ ಮನ್ಯಾಗ ಐತಿ?' ಎಂಬ ಪ್ರಶ್ನೆಗೆ ದಲ್ಲಾಳಿಯ ಬಳಿ ಉತ್ತರವಿರುವುದಿಲ್ಲ.

ಎಲ್ಲ ಸರಿಯಿರುವ ಮನೆಯೂ ಒಮ್ಮೊಮ್ಮೆ ಸಿಕ್ಕಿಬಿಡುತ್ತದೆ. ನೋಡುವವನ ಬಾಳಿನಲ್ಲಿ ಇದಕ್ಕಿಂತ ಕಷ್ಟದ ಗಳಿಗೆ ಇಲ್ಲ. ಮುಂಗಡಕ್ಕೆ ಕನ್ನಡದಲ್ಲಿ ಸಂಚಕಾರ ಎಂಬ ಮಾತಿದೆ. ಕೇಡಿಗೂ ಅದೇ ಮಾತು. ಅವನಿಗೆ ಎರಡನೆಯ ಅರ್ಥವೇ ಮೊದಲು ಹೊಳೆಯುತ್ತದೆ. ಆಗ ಪಂಚಾಂಗ ಕೈ ಹಿಡಿಯುತ್ತದೆ: ಆಷಾಢದಲ್ಲಿ ಬೇಡ, ಶ್ರಾವಣದಲ್ಲಿ ಪುರಾಣ, ಮುಂದೆ ಪಿತೃಪಕ್ಷ, ಹಿಂಗಾರಿ ಬಿತ್ತಿಗೆ, ಧನುರ್ಮಾಸ, ಗವಿಮಠದ ಜಾತ್ರೆ. ಇಷ್ಟನ್ನೂ ದಾಟಿ ಒಂದು ಮುಹೂರ್ತ ಉಳಿದರೆ 'ಮನ್ಯಾಗ ಒಂದು ಮಾತು ಕೇಳಿ ಹೇಳ್ತೀನಿ' ಎನ್ನುತ್ತಾನೆ. ಮನೆಯಲ್ಲಿ ಅವನು ಕೇಳುವುದಿಲ್ಲ. ಕೇಳಿದರೆ ಆಕೆ ಹೂಂ ಅಂದುಬಿಟ್ಟಾಳು.

ಕೊನೆಗೆ ಆ ಮನೆ ಬೇರೆಯವರ ಪಾಲಾಗುತ್ತದೆ, ಅವನಿಗೆ ಹೇಳಿಕೊಳ್ಳಲು ಒಂದು ಕತೆಯಾಗುತ್ತದೆ. 1997-98ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದಾಗಿನಿಂದ ಇಂಥ ಕತೆಗಳನ್ನು ಅವನು ಕೂಡಿಡುತ್ತ ಬಂದಿದ್ದಾನೆ. ಕಿನ್ನಾಳ ರಸ್ತೆಯಲ್ಲಿ ಬಸ್ಸು ಹೋಗುವಾಗ ಕಿಟಕಿಯಿಂದ ಕೈ ಚಾಚಿ 'ಆ ಹಸಿರು ಗೇಟಿನ ಮನಿ ಐತಲ್ಲ, ಅದು ನಂದ ಆಗಬೇಕಿತ್ತು' ಎಂದು ಪಕ್ಕದವನಿಗೆ ತೋರಿಸುತ್ತಾನೆ. ಲೆಕ್ಕ ಹಾಕಿದರೆ ಕೊಪ್ಪಳದ ಅರ್ಧ ಊರು ಅವನದಾಗಬೇಕಿತ್ತು.

ಅವನ ಜೇಬಿನ ಡೈರಿಯಲ್ಲಿ ಮನೆಗೆ ಹಾಕಿದ ಷರತ್ತುಗಳ ಪಟ್ಟಿಯಿದೆ. ವರ್ಷ ವರ್ಷ ಉಳಿದವು ಬದಲಾಗುತ್ತವೆ, ಮೊದಲನೆಯದು ಮಾತ್ರ ಬದಲಾಗಿಲ್ಲ: ಮನೆ ಬಸ್ ನಿಲ್ದಾಣಕ್ಕೆ ಹತ್ತಿರವಿರಬೇಕು, ಸಂಜೆ ಮಂಗಳೂರಿಗೆ ಹೋಗುವ ಬಸ್ಸು ತಪ್ಪಬಾರದು.