ಹಾದಿಯ ಯಜಮಾನರು

ಸ್ವಂತ ಮನೆ ಕಟ್ಟಿಸಿದವರಲ್ಲಿ ಹಲವು ಪಂಗಡಗಳುಂಟು. ದೇವರಮನೆಯ ಬಾಗಿಲಿನ ಕೆತ್ತನೆಯನ್ನು ಬಂದವರಿಗೆಲ್ಲ ತೋರಿಸಿ ಧನ್ಯರಾಗುವವರು ಕೆಲವರು. ಅಡುಗೆಮನೆಯ ಕಪಾಟುಗಳನ್ನು ತೆರೆದು ಮುಚ್ಚಿ ಪ್ರದರ್ಶಿಸುವವರು ಕೆಲವರು. ಮಹಡಿಯ ಮೇಲಣ ನೀರಿನ ಟ್ಯಾಂಕಿನವರೆಗೂ ಅತಿಥಿಯನ್ನು ಹತ್ತಿಸಿ, ಅವನ ಮಂಡಿನೋವನ್ನು ಲೆಕ್ಕಿಸದೆ ಇಳಿಸಿಕೊಂಡು ಬರುವ ನಿರ್ದಯರೂ ಇಲ್ಲದಿಲ್ಲ. ಇವರೆಲ್ಲರಿಗಿಂತ ಭಿನ್ನವಾದ, ಸಂಖ್ಯೆಯಲ್ಲಿ ಅಲ್ಪವಾದರೂ ನಿಷ್ಠೆಯಲ್ಲಿ ಅನಲ್ಪವಾದ ಇನ್ನೊಂದು ಪಂಗಡವುಂಟು. ಮನೆಯೊಳಗೆ ಏನಿದ್ದರೂ ಏನಿಲ್ಲದಿದ್ದರೂ, ಗೇಟಿನಿಂದ ಪೋರ್ಟಿಕೋವರೆಗೆ ಕಾರು ಬರಲೆಂದು ಹಾಸಿದ ಆ ಕಾಂಕ್ರೀಟು ಹಾದಿಯೊಂದು ಅಕ್ಷತವಾಗಿದ್ದರೆ ಸಾಕು, ಈ ಮಹನೀಯರಿಗೆ ರಾತ್ರಿ ನಿದ್ರೆ ಬರುತ್ತದೆ. ಮೈಸೂರಿನ ಸರಸ್ವತೀಪುರದಲ್ಲಿ ನಮ್ಮ ನೆರೆಯವರಾದ ಎಂಜಿನಿಯರ್ ರಾಯರು ಈ ಪಂಗಡಕ್ಕೆ ಶಿರೋಮಣಿ.

ಸರ್ಕಾರಿ ಸೇವೆಯಲ್ಲಿ ರಸ್ತೆ ಸೇತುವೆಗಳ ಕೆಲಸವನ್ನು ನೋಡಿಕೊಂಡಿದ್ದು ನಿವೃತ್ತರಾದ ರಾಯರಿಗೆ, ಮನೆಯ ವಾಸ್ತು, ಬಣ್ಣ, ಕಿಟಕಿಗಳ ವಿಚಾರದಲ್ಲಿ ತಮ್ಮ ಶ್ರೀಮತಿಯವರ ಮಾತೇ ವೇದವಾಕ್ಯ. ಆದರೆ ಗೇಟಿನಿಂದೀಚೆಗಿನ ಆ ನಲವತ್ತು ಅಡಿ ಹಾದಿಯಲ್ಲಿ ಮಾತ್ರ ಅವರದು ಏಕಚಕ್ರಾಧಿಪತ್ಯ. ಅದನ್ನು ಹಾಸಿದ ದಿನ ಅವರು ಕೊಡೆ ಹಿಡಿದು ಬಿಸಿಲಿನಲ್ಲಿ ನಿಂತು, ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಎಂಬ ಲೆಕ್ಕದಲ್ಲಿ ಬಾಂಡ್ಲಿಗಳನ್ನು ತಾವೇ ಎಣಿಸಿದರೆಂಬುದೂ, ಕಲಸು ಸಲೀಸಾಗಿ ಹರಿಯಲೆಂದು ಮೇಸ್ತ್ರಿಯು ಇನ್ನೊಂದು ಕೊಡ ನೀರು ಸುರಿಯಲು ಕೈಯೆತ್ತಿದಾಗ ಅವನ ಮಣಿಕಟ್ಟನ್ನೇ ಹಿಡಿದು ತಡೆದರೆಂಬುದೂ ನಮ್ಮ ಬೀದಿಯ ಪುರಾಣದಲ್ಲಿ ಸೇರಿಹೋದ ಸಂಗತಿಗಳು. ಬೇಕಾದುದಕ್ಕಿಂತ ಹೆಚ್ಚಾದ ನೀರು ಮುಂದೆ ಆವಿಯಾಗಿ ಹೋಗುವಾಗ ಕಾಂಕ್ರೀಟಿನೊಳಗೆ ಸೂಕ್ಷ್ಮವಾದ ರಂಧ್ರಗಳನ್ನು ಬಿಟ್ಟು, ಅದರ ಸತ್ತ್ವವನ್ನೇ ಕುಂದಿಸುತ್ತದೆಯೆಂದು ಅವರು ಅಂದು ಮಾಡಿದ ಉಪನ್ಯಾಸವನ್ನು ಮೇಸ್ತ್ರಿಯು, “ಆಯ್ತು ಸ್ವಾಮಿ, ನೀವು ಹೇಳ್ದಂಗೇ ಆಗ್ಲಿ” ಎಂಬ ಒಂದೇ ವಾಕ್ಯದಿಂದ ಮುಗಿಸಿದನಂತೆ.

ನೀರನ್ನು ಕುರಿತು ರಾಯರ ಸಿದ್ಧಾಂತವು ಮೊದಲ ಕೇಳ್ವಿಗೆ ಪರಸ್ಪರ ವಿರುದ್ಧವೆಂದು ತೋರುವುದು ಸಹಜ. ಕಲಸುವಾಗ ನೀರು ಮಿತವಾಗಿರಬೇಕು. ಹಾಸಿದ ಮೇಲೆ ಧಾರಾಳವಾಗಿರಬೇಕು. ಗಟ್ಟಿಯಾದ ಮೇಲೆ ಒಂದು ಹನಿಯೂ ನಿಲ್ಲಕೂಡದು. ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಯೆಂದು ನಂಬಿರುವ ಪಾಮರರನ್ನು ಕಂಡರೆ ಅವರಿಗೆ ಕನಿಕರ. “ಒಣಗುವುದು ಹಪ್ಪಳ, ಸ್ವಾಮಿ! ಸಿಮೆಂಟು ನೀರಿನೊಡನೆ ಸಂಯೋಗ ಹೊಂದಿ ಕಲ್ಲಾಗುವ ವಸ್ತು” ಎಂದು ಅವರು ತಿದ್ದುವರು. ಆದುದರಿಂದಲೇ ಹಾಸಿದ ಮಾರನೆಯ ದಿನದಿಂದ ಆ ಹಾದಿಗೆ ಬಾಣಂತನವೇ ನಡೆಯಿತು. ಮೈತುಂಬ ಗೋಣಿತಾಟು ಹೊದಿಸಿ, ಹೊತ್ತುಹೊತ್ತಿಗೆ ನೀರು ಚಿಮುಕಿಸಿ, ಮೇಲೆ ಯಾರ ಕಾಲೂ ಬೀಳದಂತೆ ಕಾವಲು ಕೂತರು. ಸಾಮಾನ್ಯ ಸಿಮೆಂಟಿಗೆ ಏಳು ದಿನಗಳ ಕ್ಯೂರಿಂಗ್ ಆದರೂ ಬೇಕೆಂಬುದು ಶಾಸ್ತ್ರ. ರಾಯರು ಅದನ್ನು ಇಮ್ಮಡಿ ಮಾಡಿದರು. ಕಾಂಕ್ರೀಟಿನ ಬಲವನ್ನು ಅಳೆಯುವುದು 28ನೆಯ ದಿನವಾದ್ದರಿಂದ, ಆ ದಿನ ತುಂಬುವವರೆಗೂ ಕಾರು ಬೀದಿಯಲ್ಲಿಯೇ ನಿಂತಿತು. ರಾಯರ ಶ್ರೀಮತಿಯವರು ತರಕಾರಿ ಚೀಲ ಹಿಡಿದು ಹಿತ್ತಿಲ ಬಾಗಿಲಿನಿಂದ ಓಡಾಡಿದರು.

ಹಾದಿಗೆ ಅಡಿಯೊಂದಕ್ಕೆ ಕಾಲಂಗುಲದಂತೆ ಗೇಟಿನ ಕಡೆಗೆ ವಾಟ ಕೊಟ್ಟಿದೆ. ಹತ್ತು ಹತ್ತು ಅಡಿಗೊಂದರಂತೆ, ದಪ್ಪದ ಕಾಲುಭಾಗದಷ್ಟು ಆಳಕ್ಕೆ ಅಡ್ಡಗೆರೆ ಕೊಯ್ದಿದೆ. ಆ ಗೆರೆಗಳು ಅಲಂಕಾರಕ್ಕೆಂದು ಭಾವಿಸಿ ಹೊಗಳಿದವರಿಗೆ ರಾಯರು ಕಾಫಿ ಕೊಡಿಸಿ ಕೂರಿಸಿಕೊಂಡು ವಿವರಿಸುವರು: ಕಾಂಕ್ರೀಟು ಕುಗ್ಗುವುದು ಅದರ ಧರ್ಮ, ಕುಗ್ಗಿದಾಗ ಬಿರಿಯುವುದು ಅದರ ಕರ್ಮ, ಎಲ್ಲಿ ಬಿರಿಯಬೇಕೆಂಬುದನ್ನು ನಿರ್ಧರಿಸುವ ಅಧಿಕಾರವನ್ನು ಮಾತ್ರ ಮನುಷ್ಯನು ಬಿಟ್ಟುಕೊಡಬಾರದು.

ವರ್ಷದಲ್ಲಿ ಎಲ್ಲರಿಗೂ ಇರುವ ಪಂಚಾಂಗವೇ ರಾಯರಿಗೂ ಇದೆಯಾದರೂ, ಅದರಲ್ಲಿ ಅವರು ಓದುವುದು ಬೇರೆ. ಯುಗಾದಿಯೆಂದರೆ ಮುಂಗಾರಿಗೆ ಮೊದಲು ಬಿರುಕುಗಳನ್ನು ಮುಚ್ಚುವ ಪುಣ್ಯಕಾಲ. ಅಂದು ಬೇವುಬೆಲ್ಲ ಬಾಯಿಗೆ ಬೀಳುತ್ತಲೇ ಅವರು ತಂತಿಯ ಬ್ರಷ್ಷು ಹಿಡಿದು, ಕನ್ನಡಕವನ್ನು ಹಣೆಗೇರಿಸಿ, ಹಾದಿಯ ಮೇಲೆ ಬಾಗಿ ಒಂದೊಂದು ಸೀಳನ್ನೂ ಉಜ್ಜುವರು. ಕೂದಲೆಳೆಯ ಬಿರುಕಿಗೆ ಸಿಮೆಂಟು ಹಾಲು, ಅಗಲವಾದುದಕ್ಕೆ ಟಾರು. ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುವ ಹಾಸಿನ ಅಗಲವಾದ ಬಿರುಕಿಗೆ ಬರಿಯ ಸಿಮೆಂಟು ತುಂಬಿದರೆ ಅದು ಮತ್ತೆ ಬಿಟ್ಟುಕೊಳ್ಳುವುದೆಂಬುದನ್ನು ಅರಿಯದ ಗಾರೆ ಕೆಲಸದವರನ್ನು ಅವರು ಗೇಟಿನೊಳಕ್ಕೆ ಬಿಡುವುದಿಲ್ಲ. ಮಳೆಗಾಲದಲ್ಲಿ ಪಾಚಿಯ ಮೇಲೆ ದಂಡಯಾತ್ರೆ. ಆಗ ಬ್ಲೀಚಿಂಗ್ ಪೌಡರಿನ ವಾಸನೆ ನಮ್ಮ ಮನೆಯ ಊಟದ ತಟ್ಟೆಯವರೆಗೂ ಬರುವುದು. ಸೆಪ್ಟೆಂಬರ್ 15, ವಿಶ್ವೇಶ್ವರಯ್ಯನವರ ಜನ್ಮದಿನ. ಅಂದು ರಾಯರು ಹಾದಿಯನ್ನು ತೊಳೆಸಿ, ಸಿಮೆಂಟನ್ನು ನೆಚ್ಚದೆ ಸುರ್ಕಿ ಗಾರೆಯಲ್ಲಿ ಕಟ್ಟಿದ ಕನ್ನಂಬಾಡಿ ಕಟ್ಟೆಯು ಇಂದಿಗೂ ನಿಂತಿರುವುದನ್ನು ದಾರಿಹೋಕರಿಗೆ ಜ್ಞಾಪಿಸಿ, ತಮ್ಮ ನಲವತ್ತು ಅಡಿಯನ್ನೂ ಅದರ ಪಕ್ಕದಲ್ಲಿಟ್ಟು ಮಾತನಾಡುವರು.

ಆಯುಧಪೂಜೆಯ ದಿನ ಮಾತ್ರ ಆ ಮನೆಯಲ್ಲಿ ಧರ್ಮಕ್ಕೂ ರಸಾಯನಶಾಸ್ತ್ರಕ್ಕೂ ಘರ್ಷಣೆ. ಕಾರಿನ ನಾಲ್ಕು ಚಕ್ರಗಳಡಿಯಲ್ಲಿ ನಿಂಬೆಹಣ್ಣಿಟ್ಟು ಹಾಯಿಸಬೇಕೆಂಬುದು ಶ್ರೀಮತಿಯವರ ಪಕ್ಷ. ನಿಂಬೆಯ ಹುಳಿ ಸಿಮೆಂಟಿನ ಸುಣ್ಣವನ್ನು ತಿನ್ನುವುದೆಂಬುದು ರಾಯರ ಪಕ್ಷ. ಕುಂಕುಮ ತುಂಬಿದ ಬೂದುಗುಂಬಳವನ್ನು ಒಡೆಯುವ ಮಾತೆತ್ತಿದರಂತೂ ಅವರ ಮುಖ ವಿವರ್ಣವಾಗುವುದು. ಕಡೆಗೆ ಕಾರನ್ನು ಹಾದಿಯಿಂದ ಹೊರಡಿಸಿ, ನಡುಬೀದಿಯಲ್ಲಿ ನಿಲ್ಲಿಸಿ, ನಿಂಬೆ, ಕುಂಬಳ, ದೃಷ್ಟಿ ಎಲ್ಲವನ್ನೂ ಸಾರ್ವಜನಿಕರಿಗೆ ಅರ್ಪಿಸಿ, ಚಕ್ರ ತೊಳೆದು ಒಳಗೆ ತರುವುದೆಂದು ಏರ್ಪಾಟಾಗಿದೆ. ಆ ಕಾರಾದರೂ ಯಾವುದು? ಹಳೆಯ ಮಾರುತಿ 800. ಮಕ್ಕಳು ಎಷ್ಟೋ ಬಾರಿ ಹೊಸದನ್ನು ಕೊಡಿಸಲು ಬಂದರೂ, ಸುಮಾರು 650 ಕಿಲೋ ತೂಗುವ ಈ ಸಾಧುಪ್ರಾಣಿಯನ್ನು ಬಿಡಲು ರಾಯರು ಒಪ್ಪಲಿಲ್ಲ.

ಅದರ ಹಿಂದಿರುವ ತತ್ತ್ವವು, ಬೆಂಗಳೂರಿನಿಂದ ಅಳಿಯದೇವರು ಗಜಗಾತ್ರದ ಹೊಸ ಗಾಡಿಯಲ್ಲಿ ಮೊದಲ ಬಾರಿ ಬಂದ ದಿನ ಪ್ರಕಟವಾಯಿತು. ಗೇಟಿಗೆ ಅಡ್ಡಲಾಗಿ ನಿಂತ ಮಾವನವರು ಎರಡೂ ಕೈ ಜೋಡಿಸಿ, “ಬನ್ನಿ, ಬನ್ನಿ, ನೀವು ಒಳಗೆ ಬನ್ನಿ, ಗಾಡಿ ಹೊರಗಿರಲಿ” ಎಂದರು. ಕೈಕಾಲು ತೊಳೆಯಲು ನೀರು ಕೊಡುವುದಕ್ಕೂ ಮೊದಲು, 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಆಟವಾ ಎಂಬ ಊರಿನ ಬಳಿ ಬಗೆಬಗೆಯ ರಸ್ತೆಗಳನ್ನು ಹಾಸಿ, ಅವುಗಳ ಮೇಲೆ ಲಾರಿಗಳನ್ನು ಓಡಿಸಿ ನಡೆಸಿದ ಮಹಾಪರೀಕ್ಷೆಯ ವೃತ್ತಾಂತವನ್ನು ಅವರಿಗೆ ಹೇಳಲಾಯಿತು. ಅಚ್ಚಿನ ಮೇಲಣ ಭಾರ ಇಮ್ಮಡಿಯಾದರೆ ಹಾಸಿಗಾಗುವ ಹಾನಿ ಇಮ್ಮಡಿಯಲ್ಲ, ಸುಮಾರು 16 ಮಡಿ ಎಂಬುದು ಅದರ ಸಾರಾಂಶ. ಅಳಿಯಂದಿರು ಅಂದು ಹೋಳಿಗೆಯನ್ನು ಮೌನವಾಗಿ ತಿಂದರೆಂದೂ, ಮುಂದಿನ ಹಬ್ಬಕ್ಕೆ ರೈಲಿನಲ್ಲಿ ಬಂದರೆಂದೂ ವರದಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಒಪ್ಪಲೇಬೇಕು: ನಗುವವರ ಮನೆಗಳ ಹಾದಿಗಳು ಚಕ್ಕೆಯೆದ್ದು, ಕುಸಿದು, ಎರಡೆರಡು ಸಲ ಹೊಸದಾದರೂ, ರಾಯರದು ಹಾಸಿದಂದಿನಂತೆಯೇ ಇದೆ. ನೀರು ಬಿರುಕಿನಿಂದಿಳಿದು ಅಡಿಯ ಮಣ್ಣನ್ನು ಮೆತ್ತಗೆ ಮಾಡುವುದು, ಆಧಾರ ತಪ್ಪಿದ ಹಾಸು ಚಕ್ರದ ಭಾರಕ್ಕೆ ಮುರಿಯುವುದು. ಈ ಸಣ್ಣ ಸತ್ಯವನ್ನು ಅರಿತು ನಡೆದವರಿಗೆ ಕಾಂಕ್ರೀಟು ಎಂದೂ ದ್ರೋಹ ಬಗೆಯುವುದಿಲ್ಲ.

ಆದರೆ ರಾಯರ ಹಾದಿ ಅಷ್ಟು ಕಟ್ಟುನಿಟ್ಟಾಗಿ ಹೊರದೂಡಿದ ನೀರು ಹೋಗುವುದೆಲ್ಲಿಗೆ? ಗೇಟಿನ ಹೊರಗಣ ಚರಂಡಿಯ ಮೇಲೆ, ಕಾರು ಸಲೀಸಾಗಿ ಹತ್ತಲೆಂದು, ಅವರದೇ ಕಾಂಕ್ರೀಟಿನ ಇಳಿಜಾರು ಕೂತಿದೆ. ಎಡಬಲದ ಮನೆಗಳವರದೂ ಹಾಗೆಯೇ ಕೂತಿವೆ. ಚರಂಡಿ ಕಾಣದ ನೀರು ಬೀದಿಗಿಳಿದು, ಸರಿಯಾಗಿ ರಾಯರ ಗೇಟಿನೆದುರು ಒಂದು ಹಳ್ಳವನ್ನು ತೋಡಿಕೊಂಡು, ಅಲ್ಲಿ ಸುಖವಾಗಿ ನೆಲಸಿದೆ. ಅದರಲ್ಲಿ ಹಾಲಿನವನ ಸೈಕಲ್ಲು ಮುಗ್ಗರಿಸುವುದೂ, ಶಾಲೆಯ ಮಕ್ಕಳ ಬಿಳಿಯ ಷರಟುಗಳು ಕೆಂಪಾಗುವುದೂ ನಿತ್ಯದ ಮಾತು. ಹಳ್ಳ ಏಕಾಯಿತೆಂದು ಕೇಳಿದರೆ ರಾಯರು ಕಾರಣವನ್ನು ಮರೆಮಾಚುವವರಲ್ಲ. ನೀರು ನಿಂತಿತು, ಟಾರಿನ ಸೀಳಿನಿಂದಿಳಿಯಿತು, ಅಡಿಯ ಜಲ್ಲಿ ಸಡಿಲವಾಯಿತು, ಚಕ್ರ ಕಿತ್ತುಹಾಕಿತು ಎಂದು ಬಾಯಿಪಾಠ ಒಪ್ಪಿಸುವರು.

ಮೊನ್ನೆ ಬೀದಿಯ ಹಿರಿಯರೊಬ್ಬರು, ಹಳ್ಳಕ್ಕೆ ಕಾಲಿಟ್ಟು ಪಂಚೆಯ ಅಂಚನ್ನು ಹಿಂಡುತ್ತ, “ರಾಯರೇ, ಇಷ್ಟೆಲ್ಲ ಬಲ್ಲವರು ನೀವು, ಸರ್ವೀಸಿನಲ್ಲಿದ್ದಾಗ ಊರ ರಸ್ತೆಗಳನ್ನೂ ಹೀಗೆಯೇ ಕಾಪಾಡಬಹುದಿತ್ತಲ್ಲ?” ಎಂದರು. ರಾಯರು ಗೇಟಿನ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಒಮ್ಮೆ ಅಲುಗಿಸಿ ನೋಡಿ, ಒಂದಿಷ್ಟೂ ಕೋಪಗೊಳ್ಳದೆ ಹೇಳಿದರು:

“ರಸ್ತೆಗೆ ಗೇಟಿಲ್ಲವಲ್ಲ, ಸ್ವಾಮಿ!”