ತಣ್ಣಗಿದ್ದರೆ ಸಾಕೆ?

ಚುನಾವಣೆ ಬಂತೆಂದರೆ ಚಿತ್ರದುರ್ಗದ ರೈತನಿಗೆ ಕೋಲ್ಡ್ ಸ್ಟೋರೇಜ್ ಖಚಿತ. ಭಾಷಣದಲ್ಲಿ. ಹಿರಿಯೂರಿನ ವೇದಿಕೆಯಲ್ಲೂ ಅದೇ, ಹೊಸದುರ್ಗದ ವೇದಿಕೆಯಲ್ಲೂ ಅದೇ. ಎಷ್ಟು ಡಿಗ್ರಿಯದು ಸ್ವಾಮಿ ಅಂತ ಕೇಳಿ ನೋಡಿ. ಮೈಕು ಪಕ್ಕದವರ ಕೈಗೆ ಹೋಗುತ್ತದೆ.

ಈರುಳ್ಳಿಯನ್ನು ಸೊನ್ನೆಯಿಂದ 2 ಡಿಗ್ರಿಯಲ್ಲಿಡಬೇಕು. ಇಲ್ಲವೇ 25ರಿಂದ 30ರಲ್ಲಿ, ಗಾಳಿಯಾಡುವಂತೆ. ನಡುವಿನ ತಂಪಿನಲ್ಲಿಟ್ಟರೆ ಮೊಳಕೆ. ತೇವಾಂಶ ಶೇ 70 ದಾಟಿದರೆ ಬೇರು, ಕೊಳೆ. ಹೊಸದುರ್ಗದ ದಾಳಿಂಬೆಗೋ 5 ಡಿಗ್ರಿ ಬೇಕು, ತೇವಾಂಶ ಶೇ 90ರ ಮೇಲಿರಬೇಕು. ಹಿರಿಯೂರಿನ ಟೊಮೆಟೊ ಕಾಯನ್ನು 10ರ ಕೆಳಗಿಟ್ಟರೆ ಆಮೇಲೆ ನೆಟ್ಟಗೆ ಹಣ್ಣಾಗುವುದಿಲ್ಲ. ಹೊಳಲ್ಕೆರೆ ತೋಟದ ಬಾಳೆ 13ರ ಕೆಳಗೆ ಕಪ್ಪಿಡುತ್ತದೆ. ಇವಕ್ಕೆಲ್ಲ ಸೇರಿ ಒಂದು ಕಟ್ಟಡ, ಒಂದು ಶಿಲಾಫಲಕ. ತಣ್ಣಗಿದ್ದರೆ ಆಯಿತಂತೆ!

ಮೇಲಾಗಿ ನಮ್ಮದು ಮುಂಗಾರಿನ ಈರುಳ್ಳಿ. ಕೀಳುವ ಹೊತ್ತಿಗೆ ಮಳೆ. ಒಣಗಿಸಲು ಬಿಸಿಲಿಲ್ಲ, ಬೇಸಿಗೆ ಬೆಳೆಯಷ್ಟು ಬಾಳಿಕೆಯೂ ಇಲ್ಲ. ಬೆಲೆ ಬರುವವರೆಗೆ ಇಟ್ಟುಕೊಳ್ಳಿ ಎಂದು ಉಪದೇಶಿಸುವವರು ಆ ಹಸಿ ಚೀಲಗಳ ಪಕ್ಕ ಒಂದು ವಾರ ಮಲಗಲಿ. ಆಮೇಲೆ ಗೊತ್ತಾಗುತ್ತದೆ, ರೈತ ಸಿಕ್ಕ ರೇಟಿಗೆ ಯಶವಂತಪುರ ಮಾರುಕಟ್ಟೆಯ ಲಾರಿ ಹತ್ತಿಸುವುದೇಕೆಂದು.

ಅವನಿಗೆ ಮೊದಲು ಬೇಕಾದದ್ದು ಗಾಳಿಯಾಡುವ ಶೆಡ್ಡು. ಕಂಪ್ರೆಸರ್ ಬೇಡ, ಕರೆಂಟ್ ಬೇಡ. 2014ರ ತೋಟಗಾರಿಕೆ ಮಾರ್ಗಸೂಚಿ 25 ಟನ್ ಹಿಡಿಸುವ ಶೆಡ್ಡಿಗೆ 1.75 ಲಕ್ಷ ರೂಪಾಯಿ ಖರ್ಚೆಂದು ಬರೆಯಿತು. ಅದರಲ್ಲಿ ಅರ್ಧ ಸಬ್ಸಿಡಿ. ಕಬ್ಬಿಣ, ಸಿಮೆಂಟು ಆ ಮಾರ್ಗಸೂಚಿಯನ್ನು ಓದಿಕೊಂಡಿಲ್ಲ. ಇಂಥ ಶೆಡ್ಡಿನ ಮುಂದೆ ಟೇಪು ಕತ್ತರಿಸಿದರೆ ಫೋಟೊ ಚೆನ್ನಾಗಿ ಬರುವುದಿಲ್ಲ, ಅದು ಬೇರೆ.

ಸರಿ, ಕೋಲ್ಡ್ ಸ್ಟೋರೇಜೇ ಕಟ್ಟಿದರು ಅನ್ನಿ. ಕರೆಂಟ್? ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ವಿದ್ಯುತ್ತು ತಂತಿ ಹಿಡಿದು ಗ್ರಿಡ್‌ಗೆ ಹೋಗುತ್ತದೆ. ಬುಡದ ಹಳ್ಳಿಯವರು ಪಂಪ್‌ಸೆಟ್ಟಿಗೆ ಪಾಳಿ ಕಾಯುತ್ತಾರೆ. ಕಂಪ್ರೆಸರ್ ಪಾಳಿ ಕಾಯುವುದಿಲ್ಲ. ಅದು ನಿಂತು, ಹೊರಗಿನ ಬಿಸಿಗಾಳಿ ಒಳಗೆ ಹೊಕ್ಕರೆ ತಣ್ಣಗಿನ ಗಡ್ಡೆ ಬೆವರುತ್ತದೆ. ಆ ನೀರಿಗೇ ಕೊಳೆ. ಡೀಸೆಲ್ ಜನರೇಟರ್ ಓಡಿಸಬಹುದು. ಬಿಲ್ಲು ಯಾರಿಗೆ ಬರುತ್ತದೆಂದು ಹೇಳಬೇಕೆ?

ಆದರೂ ದಾಸ್ತಾನು ಮಾಡುವುದು ಸರ್ಕಾರಕ್ಕೆ ಗೊತ್ತಿಲ್ಲ ಅನ್ನಬೇಡಿ. 2023ರ ಕೇಂದ್ರ ಬಜೆಟ್ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಿಸಿತು. ಮತ್ತೆರಡು ವರ್ಷದ ಬಜೆಟ್ ಬಂದು ಹೋದರೂ ಹಣ ಕೆಳಗಿಳಿಯಲಿಲ್ಲ. ಮೊಳಕೆಯಿಲ್ಲ, ಕೊಳೆಯಿಲ್ಲ, ತೂಕದಲ್ಲಿ ಒಂದು ಗುಲಗಂಜಿ ಕಮ್ಮಿಯಿಲ್ಲ. ಆ ಉಗ್ರಾಣ ಕಟ್ಟಿದ ಇಂಜಿನಿಯರನ್ನಾದರೂ ಇತ್ತ ಕಳಿಸಿ.