ಲಿಂಕಿಗೆ ಕೀಲಿ ಜಡಿಯುವ ವಿಧಾನ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಮದುವೆ ಫೋಟೊಗ್ರಾಫರುಗಳ ಬಳಕೆಗಾಗಿ. ಮೊದಲು ನೀವು ಓದಿ, ಆಮೇಲೆ ಗಿರಾಕಿಗೂ ಓದಿ ಹೇಳಿ. ಅವರು ತಾವಾಗಿ ಓದುವುದಿಲ್ಲ.

ಹಂತ 1: ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ

ಮದುವೆ ಮುಗಿದ ಮರುದಿನವೇ ಫೋನ್ ಬರುತ್ತದೆ: "ಅಣ್ಣಾ, ಫೋಟೊ ವಾಟ್ಸ್‌ಆ್ಯಪಿಗೆ ಬಿಡ್ರಿ." ಬಿಟ್ಟಿರೋ, ಅದು ಫೋಟೊವನ್ನು ಹಿಂಡಿ ಹಿಪ್ಪೆ ಮಾಡಿ ಮುಟ್ಟಿಸುತ್ತದೆ. ಆ ಹಿಪ್ಪೆಯನ್ನೇ ತೋರಿಸಿ "ನಿಮ್ಮ ಕ್ಯಾಮೆರಾ ಹಳೀದು ಅದ ಏನ್ರಿ?" ಎಂದು ಕೇಳುತ್ತಾರೆ. ಗ್ಯಾಲರಿ ಮಾಡಿ ಲಿಂಕ್ ಕೊಡಿ. ಸೊಲ್ಲಾಪುರದ ಬೀಗರು, ಪುಣೆ–ಮುಂಬೈಗೆ ದುಡಿಯಲು ಹೋಗಿ ಮದುವೆಗೆ ಬರಲಾಗದವರು, ಎಲ್ಲರೂ ಕುಳಿತಲ್ಲೇ ನೋಡುತ್ತಾರೆ. ಎಲ್ಲರೂ ನೋಡುತ್ತಾರೆ ಎನ್ನುವುದೇ ಮುಂದಿನ ಹಂತಗಳಿಗೆಲ್ಲ ಕಾರಣ.

ಹಂತ 2: ಕೀಲಿ

ಗೂಗಲ್ ಡ್ರೈವ್‌ನಲ್ಲಿ "ಲಿಂಕ್ ಇರುವ ಯಾರಾದರೂ ನೋಡಬಹುದು" ಎಂಬ ಆಯ್ಕೆಯನ್ನು ಒತ್ತಿ "ಕೀಲಿ ಹಾಕೀನಿ" ಎನ್ನಬೇಡಿ. ಅಲ್ಲಿ ಲಿಂಕೇ ಕೀಲಿಕೈ. ಪಾಸ್‌ವರ್ಡ್ ಕೇಳುವ ಗ್ಯಾಲರಿಯನ್ನೇ ಆರಿಸಿ.

ಪಾಸ್‌ವರ್ಡ್ ಆಗಿ ಮದುಮಗನ ಹೆಸರು ಮತ್ತು ಮದುವೆಯ ತಾರೀಖು ಇಡುವ ಪದ್ಧತಿ ಮೂರೂ ತಾಲೂಕುಗಳಲ್ಲಿ ಜಾರಿಯಲ್ಲಿದೆ. ಇವೆರಡನ್ನೂ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಊರೂರಿಗೆ ಹಂಚಿ ಆಗಿದೆ. ಆನ್‌ಲೈನ್‌ನಲ್ಲಿ ಒಬ್ಬರ ಹೆಸರು ಹಿಡಿದು ಇನ್ನೊಬ್ಬರು ಒಳನುಗ್ಗುವುದನ್ನು ಆಳಂದದವರಿಗೆ ಬಿಡಿಸಿ ಹೇಳಬೇಕಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯಲು 6,018 ಆನ್‌ಲೈನ್ ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ ಸರಿ ಇದ್ದದ್ದು 24 ಮಾತ್ರ. ಮತದಾರರ ಪಟ್ಟಿಯ ಗತಿಯೇ ಹೀಗಾದರೆ ಅರಿಶಿನದ ಫೋಟೊ ಯಾವ ಲೆಕ್ಕ.

ಪಾಸ್‌ವರ್ಡ್ ಎಷ್ಟೇ ಗಟ್ಟಿ ಇರಲಿ, ಅದರ ದಾರಿ ಒಂದೇ. ನೀವು ಮದುಮಗನಿಗೆ ಕೊಡುತ್ತೀರಿ. ಅವನು ಭಾವಮೈದುನನಿಗೆ ಕೊಡುತ್ತಾನೆ. ಭಾವಮೈದುನ ಅದನ್ನು ಲಿಂಕಿನ ಕೆಳಗೇ ಟೈಪ್ ಮಾಡಿ ಬಳಗದ ಗ್ರೂಪಿಗೆ ಹಾಕಿ, ಯಾರಿಗೂ ತೊಂದರೆ ಆಗದಿರಲಿ ಎಂದು ಪಿನ್ ಕೂಡ ಮಾಡುತ್ತಾನೆ. ಆ ಗ್ರೂಪಿನಲ್ಲಿ ಶಾಮಿಯಾನದವನು, ಬ್ಯಾಂಡಿನವನು, ಹೋದ ವರ್ಷ ಮುರಿದುಹೋದ ಇನ್ನೊಂದು ಸಂಬಂಧದ ಕಡೆಯವನು, ಎಲ್ಲರೂ ಇದ್ದಾರೆ. ಹ್ಯಾಕರ್ ಎಂಬವನು ರಷ್ಯಾದಲ್ಲಿ ಕಪ್ಪು ಟೊಪ್ಪಿಗೆ ಹಾಕಿ ಕೂತಿರುತ್ತಾನೆ ಎಂದು ತಿಳಿದಿದ್ದರೆ ಆ ಚಿತ್ರವನ್ನು ತಲೆಯಿಂದ ಅಳಿಸಿ.

ಆದ್ದರಿಂದ ಪಾಸ್‌ವರ್ಡ್ ಎರಡು ಇರಲಿ. ಅಕ್ಷತೆ, ಊಟ, ಸ್ಟೇಜಿನ ಮೇಲೆ ಸಾಲುಗಟ್ಟಿ ನಿಂತವರ ಫೋಟೊ ಬಳಗಕ್ಕೆ. ಅರಿಶಿನ, ಸುರಗಿ, ಮೆಹಂದಿ, ಹೆಣ್ಣುಮಕ್ಕಳು ರಾತ್ರಿ ಕುಣಿದದ್ದು ಬೇರೆ ಫೋಲ್ಡರಿನಲ್ಲಿ. ಅದರ ಪಾಸ್‌ವರ್ಡ್ ಮದುಮಗಳ ಕೈಗೇ ಹೋಗಬೇಕು. ಅವಳ ಅಣ್ಣನ ಕೈಗಲ್ಲ, ಮಾವನ ಕೈಗಂತೂ ಅಲ್ಲ. ಮದುಮಗಳ ನಂಬರ್ ನಿಮ್ಮ ಹತ್ತಿರ ಇರುವುದಿಲ್ಲ. ಬುಕಿಂಗ್ ಮಾಡಿದವರು ಗಂಡಸರು. ಕೇಳಿ ಇಸಿದುಕೊಳ್ಳಿ.

ಹಂತ 3: ವಾಟರ್‌ಮಾರ್ಕ್

ಮೂಲೆಯಲ್ಲಿ ಹಾಕಿದರೆ ಕತ್ತರಿಸುತ್ತಾರೆ. ನಡುವೆ ಹಾಕಿದರೆ ಅಜ್ಜಿ ಅಂಗಡಿಗೇ ಬಂದು "ನನ್ನ ಮಾರಿ ಮ್ಯಾಲ ಯಾಕ್ರಿ ನಿಮ್ಮ ಅಂಗಡಿ ಹೆಸರು?" ಎನ್ನುತ್ತಾಳೆ. ಅವಳ ಮಾತಿನಲ್ಲಿ ನ್ಯಾಯವಿದೆ. ಅದಕ್ಕಿಂತ ಅಳತೆ ಇಳಿಸುವುದು ಮೇಲು. ಉದ್ದದ ಬದಿ 1200 ಪಿಕ್ಸೆಲ್ ಇಟ್ಟರೆ ಫೋನಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. 12 ಇಂಟು 36ರ ಆಲ್ಬಮ್ಮಿನಲ್ಲಿ 18 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 67 ಪಿಕ್ಸೆಲ್ ಸಿಗುತ್ತದೆ, ಒಳ್ಳೆಯ ಪ್ರಿಂಟಿಗೆ 300 ಬೇಕು. ರೈಟ್ ಕ್ಲಿಕ್ ಬಂದ್ ಮಾಡುವುದು, ಸ್ಕ್ರೀನ್‌ಶಾಟ್ ತಡೆಯುವುದು ಇತ್ಯಾದಿಗಳಿಗೆ ಹೊತ್ತು ಹಾಕಬೇಡಿ. ಪಕ್ಕದವನ ಫೋನಿನಿಂದ ಫೋಟೊ ಹೊಡೆದುಕೊಂಡರೆ ಮುಗಿಯಿತು.

ಸೆಲ್ಫಿ ಹಾಕಿದರೆ ತಮ್ಮ ಫೋಟೊ ಮಾತ್ರ ತೋರಿಸುವ ಗ್ಯಾಲರಿಗಳು ಬಂದಿವೆ. ಒಳ್ಳೆಯದೇ. ಆದರೆ ಯಾರದೋ ಡಿಪಿ ಹಾಕಿದರೂ ಅವರ ಫೋಟೊಗಳನ್ನೆಲ್ಲ ಹುಡುಕಿ ಕೊಡುವವೂ ಅವುಗಳಲ್ಲಿವೆ. ಇನ್ನೊಬ್ಬರ ಫೋಟೊ ಹಾಕಿ ಒಮ್ಮೆ ನೋಡಿದ ಮೇಲೆಯೇ ರೊಕ್ಕ ಕಟ್ಟಿ.

ಹಂತ 4: ಬಾಕಿ

ನಾವು ನಾವೇ ಇರುವಾಗ ಒಪ್ಪಿಕೊಳ್ಳೋಣ: ಕೀಲಿ ಹಾಕುವುದು ಬ್ಯಾಲೆನ್ಸ್ ಬರಲಿ ಎಂದು. ಗ್ಯಾಲರಿ 30 ದಿನಕ್ಕೆ ಮುಚ್ಚುತ್ತದೆ. ಮದುವೆ ಮೇ ತಿಂಗಳಲ್ಲಿ. ಹೆಣ್ಣಿನ ತಂದೆ "ತೊಗರಿ ಮಾರಿದ ಮ್ಯಾಲ ಕೊಡ್ತೀನ್ರಿ" ಅಂದಿದ್ದಾರೆ. ತೊಗರಿ ರಾಶಿ ಡಿಸೆಂಬರಿಗೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಬಂದರೂ ರಾಶಿ ಅದರಿಂದ ಒಂದು ದಿನವೂ ಮುಂದಕ್ಕೆ ಬಂದಿಲ್ಲ. ಅವಧಿ ಹಾಕುವಾಗ ಪಂಚಾಂಗದ ಜೊತೆ ಬೆಳೆಯನ್ನೂ ನೋಡಿ.

"ರೊಕ್ಕ ಕೊಟ್ಟವರು ನಾವು, ಫೋಟೊ ನಮ್ದು" ಎಂದು ಗಿರಾಕಿ ಜೋರು ಮಾಡಿದರೆ ಕಾನೂನು ತೆಗೆಯಲು ಹೋಗಬೇಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮು ಅವರ ಕಡೆಗೇ ಇದೆ. ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಒಡೆಯ ತೆಗೆಸಿದವನೇ, ಬೇರೆ ಒಪ್ಪಂದ ಇರದಿದ್ದರೆ. ನಿಮ್ಮ ಒಪ್ಪಂದ ಎಂದರೆ ಬಿಲ್ ಬುಕ್ಕಿನ ಹಿಂದೆ ಬರೆದ ಅಡ್ವಾನ್ಸ್ ಮೊತ್ತ. ಅಲ್ಲೇ ಎರಡು ಸಾಲು ಜಾಸ್ತಿ ಬರೆದು ಸಹಿ ಹಾಕಿಸಿಕೊಂಡಿದ್ದರೆ ಆಗುತ್ತಿತ್ತು.

ತೊಂದರೆ ಮತ್ತು ಪರಿಹಾರ

ಮದುಮಗಳ ಗೆಳತಿಯೊಬ್ಬಳು ಫೋನ್ ಮಾಡುತ್ತಾಳೆ. ಕುಣಿಯುವಾಗಿನ ತನ್ನ ಫೋಟೊವನ್ನು ಯಾರೋ ಹಾಡು ಹಚ್ಚಿ ರೀಲ್ ಮಾಡಿದ್ದಾರೆ, ಮನೆಯಲ್ಲಿ ಗೊತ್ತಾದರೆ ಕಾಲೇಜು ಬಿಡಿಸುತ್ತಾರೆ ಅನ್ನುತ್ತಾಳೆ. ಅವಳು ನಿಮ್ಮ ಗಿರಾಕಿ ಅಲ್ಲ, ಅಡ್ವಾನ್ಸ್ ಕೊಟ್ಟಿಲ್ಲ. 17ನೇ ಕಲಮಿನಲ್ಲಿ ಅವಳ ಮಾತೇ ಬರುವುದಿಲ್ಲ. ಫೋಟೊವನ್ನು ಆ ಗಳಿಗೆಯೇ ತೆಗೆಯಿರಿ. ಯಾಕೆಂದು ಕೇಳಬೇಡಿ, "ಬುಕ್ ಮಾಡಿದವರಿಂದ ಹೇಳಿಸ್ರಿ" ಅನ್ನಬೇಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರ ದೂರಿಗೆ ಬೇರೆಯೇ ವಿಭಾಗ ಇದೆ ಎಂದು ತಿಳಿಸಿ, ರೀಲಿನ ಲಿಂಕ್ ಕಾಪಿ ಮಾಡಿ ಇಟ್ಟುಕೊಳ್ಳಲು ಹೇಳಿ. ಆಮೇಲೆ ನಿಮ್ಮ ಅಂಗಡಿಯ ಇನ್‌ಸ್ಟಾಗ್ರಾಂ ತೆರೆಯಿರಿ, ಕೌಂಟರಿನ ಮೇಲೆ ಹೊಸ ಗಿರಾಕಿಗಳಿಗೆ ತೋರಿಸಲು ಇಟ್ಟ ಸ್ಯಾಂಪಲ್ ಆಲ್ಬಮ್ಮನ್ನೂ ತಿರುವಿ ಹಾಕಿ. ಪಾಸ್‌ವರ್ಡ್ ಕೇಳದ ಗ್ಯಾಲರಿಗಳು ಅವೂ ಹೌದು, ಅವಳು ಅಲ್ಲೂ ಇರುತ್ತಾಳೆ.